ಅರ್ಧ ಲೀಟರ್

ದಿನಕ್ಕೆ ಅರ್ಧ ಲೀಟರ್, ಅಷ್ಟೇ.
ಮಾತ್ರೆ ನುಂಗುವ ಗುಟುಕೂ ಗಂಜಿಯ ತಿಳಿಯೂ ಅದರಲ್ಲೇ.
ನಾನು, ಮಾಜಾಳಿಯ ಮೋಹಿನಿ ತಾಂಡೇಲ,
ಹುಟ್ಟಿದ್ದು ನೀರಿನಂಚಿಗೆ, ಉಂಡದ್ದು ನೀರಿನ ಸರಕು ಮಾರಿ.
ಮಂಗಳವಾರ ಶುಕ್ರವಾರ ಬಸ್ಸು ಕಾಳಿ ದಾಟುವಾಗ
ಕಿಟಕಿ ಬದಿಗೆ ಕೂರುವುದಿಲ್ಲ.
ಅಷ್ಟು ನೀರು ಕಂಡರೆ ನಾಲಿಗೆ ನನ್ನನ್ನೇ ಬಯ್ಯುತ್ತದೆ.

ಕಾರವಾರದ ಆಸ್ಪತ್ರೆ. ಐದು ಮಂಚ, ಐದು ಯಂತ್ರ.
ಮೊದಲು ತೂಕ. ಕಾಟಾ ಮುಲಾಜು ನೋಡುವುದಿಲ್ಲ,
ಕದ್ದು ಕುಡಿದ ಚಹಾ ಅಲ್ಲಿ ಗ್ರಾಮುಗಳಾಗಿ ನಿಲ್ಲುತ್ತದೆ.
ಎರಡನೇ ಮಂಚದ ಇನಾಸ್ ರೆಬೆಲೊ,
ಬೈತಕೋಲ ಬಂದರಿನಲ್ಲಿ ಮೂವತ್ತು ವರ್ಷ ವಿಂಚು ನಡೆಸಿದವ,
ಒಂದು ಫ್ಲಾಸ್ಕು ತರುತ್ತಿದ್ದ, ಮುಚ್ಚಳ ಸೋರುವಂಥದ್ದು.
ಒಳಗೆ ಬರ್ಫದ ತುಂಡುಗಳು, ಉಗುರಿನಷ್ಟು,
ಒಂದೊಂದಕ್ಕೂ ಒಂದು ಹನಿ ಮುರುಗಲು ಹುಳಿ.
ತಲೆಗೊಂದು ತುಂಡು.
"ಅಗಿಯಬೇಡಿ, ಹೊರಳಿಸಿ.
ಕತೆ ಮುಗಿಯುವ ತನಕ ಬರಬೇಕು."

ಕತೆಗಳೆಲ್ಲ ಅವನ ಯೇಸುವಿನವೇ.
ನೆತ್ತಿ ಸುಡುವ ಮಧ್ಯಾಹ್ನ, ಬಾವಿಕಟ್ಟೆ,
ಹಗ್ಗವಿಲ್ಲ, ಕೊಡವಿಲ್ಲ, ದೇವರ ಮಗ ಅಂತೆ!
ತನ್ನವರು ಮುಟ್ಟದ ಊರಿನ ಹೆಂಗಸಿನ ಹತ್ತಿರ
ಕುಡಿಯಲು ಕೊಡು ಅಂದ.
ಕೊನೆಗೆ ಶಿಲುಬೆಯ ಮೇಲೂ ಅದೇ ಮಾತು, ನೀರಡಿಕೆ.
ಕೊಟ್ಟದ್ದು ಹುಳಿ.
"ನೋಡು ಬಾಯಿ, ನನ್ನ ದೇವರೂ ಈ ವಾರ್ಡಿನವನೇ."
ನನ್ನ ಕೊರಳಿನ ತಾಯಿತ ಕಂಡು
ಒಂದು ದಿನವೂ ಒಂದು ಮಾತು ಆಡಿದವನಲ್ಲ.

ನಾಲ್ಕನೇ ಮಂಚಕ್ಕೆ ಬೀರು ಬಂದ,
ಅಂಕೋಲೆ ಕಡೆಯ ಹಾಲಕ್ಕಿ ಹುಡುಗ, ಹತ್ತೊಂಬತ್ತು.
ಸೂಜಿಗೆ ಅಳಲಿಲ್ಲ, ಮಾವಿನಹಣ್ಣು ಕೂಡದು ಅಂದದ್ದಕ್ಕೆ ಅತ್ತ.
ಇನಾಸ ಅವನಿಗೆ ಎರಡು ತುಂಡು ಕೊಟ್ಟ.
"ಕಿಡ್ನಿ ಸಿಗ್ತದೆ ಮಗಾ.
ಮುಂದಿನ ಮೇ ತಿಂಗಳಲ್ಲಿ ನಿಮ್ಮ ಮನೆಯ ಕರಿ ಇಶಾಡ
ಮೊಣಕೈವರೆಗೆ ರಸ ಇಳಿಸಿ ತಿನ್ನುವಿ, ನಾನೂ ಬರುವೆ."

ಮೇ ತಿಂಗಳು ಬರಲಿಲ್ಲ.
ಅಂದರೆ, ಬಂತು, ನಮಗೆಲ್ಲ.

ಅದಕ್ಕೂ ಮುಂಚೆ ಬಂದದ್ದು ಅವರ ಶುಭ ಶುಕ್ರವಾರ.
ಅಂದು ಇಗರ್ಜಿಯಲ್ಲಿ ಗಂಟೆ ಇಲ್ಲವಂತೆ, ಮರದ ಗಿರಗಿಟ್ಲೆ ಮಾತ್ರ.
ಎಲ್ಲರೂ ಶಿಲುಬೆಗೆ ಮುತ್ತಿಡಲು ಹೋಗುವ ಹೊತ್ತಿಗೆ
ಇನಾಸ ಇಲ್ಲಿ ತೋಳು ಚಾಚಿದ್ದ.
ನಾಲ್ಕನೇ ಮಂಚಕ್ಕೆ ಹೊಸ ಚಾದರ.
ಫ್ಲಾಸ್ಕು ತಂದಿರಲಿಲ್ಲ.

"ಯಾಕೆ?" ಅಂದೆ.
ತುಂಬ ಹೊತ್ತು ಬಿಟ್ಟು, ಗೋಡೆಗೆ ಹೇಳಿದ:
"ನಾನು ಆ ಹುಡುಗನಿಗೆ ಸುಳ್ಳು ಹೇಳಿದೆ."
ಯಂತ್ರ ತಿರುಗುತ್ತಿತ್ತು, ಅವನ ರಕ್ತ
ಹೊರಗೆ ಹೋಗಿ ಒಳಗೆ ಬರುತ್ತಿತ್ತು, ಅವನು ಬರುತ್ತಿರಲಿಲ್ಲ.

ನನಗೆ ಏನು ಗೊತ್ತು?
ಬಂಗಡೆಯ ದರ ಗೊತ್ತು. ಅಳುವವರ ಹತ್ತಿರ
ಬುಟ್ಟಿ ಇಳಿಸಿ ಕೂರಬೇಕು ಅನ್ನುವುದು ಗೊತ್ತು.
ಬಾಯಲ್ಲಿ ಬರ್ಫ ಇಲ್ಲದೆ, ಒಣ ನಾಲಿಗೆಯಲ್ಲಿ,
ಅವನ ಕತೆಯನ್ನೇ ಎತ್ತಿದೆ:

ಆ ಬಾವಿಕಟ್ಟೆಯ ಹೆಂಗಸು ಇದ್ದಳಲ್ಲ,
ಸುದ್ದಿ ಕೇಳಿ ಕೊಡ ತುಂಬಿಕೊಂಡಳು.
ಗುಡ್ಡ ಏರು. ಪೊಲೀಸರು ಬೇಡ ಅಂದರು.
ನನ್ನ ಗಿರಾಕಿ ಇದ್ದಾನೆ ಮೇಲೆ, ಬಿಡಿ, ಅಂದಳು.
ಸೆರಗಿನ ತುದಿ ಅದ್ದಿ
ಅವನ ತುಟಿಗೆ ಹಿಡಿದಳು. ಆಮೇಲೆಯೇ ಅವನು ಕಣ್ಣು ಮುಚ್ಚಿದ್ದು.

ಇನಾಸ ಈ ಕಡೆ ಹೊರಳಿದ.
"ಅದು ಹಾಗಿಲ್ಲ ಬಾಯಿ.
ಪುಸ್ತಕದಲ್ಲಿ ಅವಳು ಅಲ್ಲಿಗೆ ಬರುವುದೇ ಇಲ್ಲ."

ಇಲ್ಲವೇ? ನನಗೆ ನಾಚಿಕೆಯಾಯಿತು.
ನರ್ಸು ಬಂದು ಒತ್ತಡ ನೋಡಿ ಬರೆದುಕೊಂಡು ಹೋದಳು.
ಸೂರಿನ ಫ್ಯಾನು ಸುತ್ತಿತು.

"ಬರಬೇಕಿತ್ತು," ಅಂದ ಅವನು.

ಇನ್ನೂ ಎರಡು ತಾಸು ಬಾಕಿ.
"ಮತ್ತೊಮ್ಮೆ ಹೇಳು. ಕೊಡ ಯಾವುದು, ತಾಮ್ರದ್ದೋ, ಮಣ್ಣಿನದೋ?"
"ಅಲ್ಯುಮಿನಿಯಂ," ಅಂದೆ. "ಒಂದು ಕಡೆ ನೆಗ್ಗಿದ್ದು.
ನಮ್ಮ ಅಬ್ಬೆಯದು."