ಟೀಪಾಯಿ

ಕ್ಯೂರಿಂಗ್ ವರ್ಕ್ಸ್ ಮುಚ್ಚಿದ ಮೇಲೆ ಎಲ್ಲ ಹರಾಜಿಗಿಟ್ಟರು:
ತಕ್ಕಡಿ, ಜರಡಿ, ಗೋಡೆ ಗಡಿಯಾರ.
ನಾವು ಕೂತು ಬೀಜ ಆರಿಸುತ್ತಿದ್ದ ಉದ್ದನೆ ಮೇಜನ್ನು
ಯಾರೂ ಕೂಗಲಿಲ್ಲ.
ಕೊಯ್ದು ಸೌದೆ ರೇಟಿಗೆ ಕೊಡುವಾಗ
ಒಂದು ತುಂಡು ತಂದೆ, ನೂರಾ ಎಂಬತ್ತಕ್ಕೆ.
ಆಟೋದವನು ಮೂವತ್ತು ಜಾಸ್ತಿ ಕೇಳಿದ.
ಬೇಲೂರು ರಸ್ತೆಯುದ್ದಕ್ಕೂ ಅದು
ನನ್ನ ತೊಡೆ ಮೇಲೆ ಮಲಗಿತ್ತು
ಕಾಲು ಹೊರಗೆ ಚಾಚಿಕೊಂಡ ಹಟಮಾರಿ ಮಗುವಿನಂತೆ.

ಮತ್ತಿ ಹಲಗೆ. ಮೂರಡಿ ಉದ್ದ, ಒಂದೂವರೆ ಅಗಲ.
ಬೀಜದ ಹೊಟ್ಟು, ಬೆವರು, ಸೀಮೆಎಣ್ಣೆ ಕುಡಿದು
ಚರಟದ ಬಣ್ಣಕ್ಕೆ ತಿರುಗಿತ್ತು.
ಟೀಪಾಯಿ ಮಾಡ್ತೀನಿ ಅಂದೆ.
ಕೆಳಗಿನ ಮನೆ ಇಮ್ತಿಯಾಜ್ ಡ್ರಿಲ್ ಕೊಟ್ಟ,
ಕೊಡುತ್ತ ನಕ್ಕ:
"ಅಕ್ಕಾ, ಮೊಬೈಲಲ್ಲಿ ಒತ್ತಿದ್ರೆ ರೆಡಿ ಬರತ್ತಲ್ಲ."
ಬರತ್ತೆ.

ಉಜ್ಜುಕಾಗದ ಮೊದಲು ಎಂಬತ್ತರದು,
ಆಮೇಲೆ ನೂರಿಪ್ಪತ್ತು, ಆಮೇಲೆ ಇನ್ನೂರಿಪ್ಪತ್ತು.
ಗ್ರೇಡು ನನಗೆ ಹೊಸದೇನಲ್ಲ.
ಎ, ಬಿ, ಸಿ, ಒಡಕು, ಕರಿಬೀಜ, ಹುಳ ಕೊರೆದದ್ದು,
ಮತ್ತೆ ಪಿಬಿ.
ಹಣ್ಣಿನೊಳಗೆ ಜೊತೆಯಿಲ್ಲದ ಬೀಜ ಅದು.
ಮಗ್ಗುಲಲ್ಲಿ ಒತ್ತುವವರು ಯಾರೂ ಇಲ್ಲದೆ
ಸುಮ್ಮನೆ ದುಂಡಗಾಗಿಬಿಡುತ್ತದೆ.
ಮದುವೆಯಾಗದ ನನ್ನನ್ನು ಮೇಸ್ತ್ರಿ ಸಿಂಗ್ರಯ್ಯ
ಪಿಬಿ ಎಂದೇ ಕರೆಯುತ್ತಿದ್ದ.
ಕರಿ, ಅದಕ್ಕೇ ರೇಟು ಜಾಸ್ತಿ ಅಲ್ವ, ಅಂತಿದ್ದೆ.

ಎರಡನೇ ದಿನ ಸಂಜೆ
ಹಲಗೆಯ ಬಿರುಕಿನಿಂದ ಒಂದು ಬೀಜ ಉದುರಿತು.
ಬೆರಳು ತಾನಾಗಿ ಅದನ್ನು ಬಲಕ್ಕೆ ತಳ್ಳಿತು.
ಎ.

ಮೂರನೇ ದಿನ ಗುಳಿ ಸಿಕ್ಕಿತು.
ಅಂಚಿನ ಹತ್ತಿರ, ಅಂಗೈಯಷ್ಟು,
ಕಣ್ಣಿಗೆ ಕಾಣದು, ಕೈಗೆ ಗೊತ್ತಾಗುತ್ತದೆ.
ನನ್ನದೇ ಮೊಣಕೈ ಸವೆಸಿದ್ದು ಎಂದು
ಎದೆ ಒಂದು ಗಳಿಗೆ ಉಬ್ಬಿತು.
ನೆಲಕ್ಕೆ ಕೂತು ಬಲಗೈ ಊರಿ ನೋಡಿದೆ.
ಕೂರಲಿಲ್ಲ.
ಎಡಗೈ ಊರಿದೆ.
ಕೂತಿತು.

ನಲವತ್ತು ಹೆಂಗಸರಲ್ಲಿ ಎಡಚಿ ಒಬ್ಬಳೇ, ರೆಜಿನಾ.
ನನ್ನ ಬಲಕ್ಕೆ ಅವಳ ಜಾಗ.
ಹದಿನೇಳು ವರ್ಷ ನನ್ನ ಬಲ ಮೊಣಕೈ
ಅವಳ ಎಡ ಮೊಣಕೈಗೆ ಗುದ್ದಿದೆ.
"ಅತ್ಲಾಗೆ ಎಳ್ಕೊಳೇ" ಅಂತ ಇಬ್ಬರೂ ಒಟ್ಟಿಗೆ.

ಬಣ್ಣ ನೋಡಿ ಬೀಜ ಆರಿಸುವ ಮೆಷಿನ್ ಬಂದ ವರ್ಷ
ಅರ್ಧ ಜನರನ್ನು ಬಿಡಿಸಬೇಕಾಯಿತು.
ಈ ಸಾಲಿನಲ್ಲಿ ನಿಧಾನ ಯಾರು ಎಂದು
ಸಿಂಗ್ರಯ್ಯ ಪೆನ್ನು ಹಿಡಿದು ಕೇಳಿದ.
ನಾನು ಬಾಯಿ ಬಿಡಲಿಲ್ಲ.
ಬಲಕ್ಕೆ ನೋಡಿದೆ, ಅಷ್ಟೆ.

ಮರದ ಪುಡಿಗೆ ಫೆವಿಕಾಲ್ ಕಲಸಿ
ಗುಳಿ ತುಂಬಿಸಿಬಿಡಿ ಅಂದ ಇಮ್ತಿಯಾಜ್.
ತುಂಬಲಿಲ್ಲ.
ಸಾಮಿಲ್ಲಿನಿಂದ ಸಿಲ್ವರ್ ಓಕಿನ ನಾಲ್ಕು ಕಾಲು ತಂದು
ಅಳೆದು, ಮತ್ತೆ ಅಳೆದು ಕೊಯ್ದರೂ
ಒಂದು ಗಿಡ್ಡವಾಯಿತು.
ಅದರಡಿಗೆ ಹಳೇ ಹಾಜರಿ ಚೀಟಿ ಮಡಚಿ ತುರುಕಿದೆ.
ಎರಡು ಕೋಟು ವಾರ್ನಿಷ್.
ಮನೆಯೆಲ್ಲ ವಾಸನೆ, ಮೂರು ದಿನ ತಲೆನೋವು,
ತಲೆನೋವಿನಲ್ಲೇ ಜ್ಯೋತಿನಗರಕ್ಕೆ ಹೇಳಿಕಳಿಸಿದೆ.

ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದಳು.
ಒಂಬತ್ತು ವರ್ಷ. ಕೂದಲಿಗೆ ಬಣ್ಣ ಹಾಕಿರಲಿಲ್ಲ.
ಮಂಡಿ ನೋವೆಂದು ಕುರ್ಚಿಯಲ್ಲೇ ಕೂತಳು.
ಕಾಫಿ ಮಾಡ್ಲಾ ಅಂದೆ.
"ಟೀ ಮಾಡು. ಕಾಫಿ ವಾಸನೆ ಈ ಜನ್ಮಕ್ಕೆ ಸಾಕು.
ಇದರ ಹೆಸರಲ್ಲೂ ಟೀನೇ ಇರೋದು."

ನಾನು ಒಲೆ ಹತ್ತಿರವಿದ್ದೆ, ಬಾಗಿಲಿಂದ ಕಂಡಿತು.
ಲೋಟ ಇಡಲು ಜಾಗ ಹುಡುಕುವವಳಂತೆ
ಎಡಗೈ ಹಲಗೆ ಮೇಲೆ ಓಡಾಡಿತು,
ಅಂಚಿಗೆ ಬಂತು,
ನಿಂತಿತು.

ಹೊರಗೆ ಗ್ಯಾಸಿನವನು ಸಿಲಿಂಡರ್ ಉರುಳಿಸಿಕೊಂಡು ಹೋದ.
ಹಾಲು ಉಕ್ಕಿತು, ನಾನು ತಡವಾಗಿ ಊದಿದೆ.

ಟೀ ತಂದಾಗ ಅವಳು ಬಗ್ಗಿ
ಕಾಲಿನಡಿಯ ಚೀಟಿ ನೋಡುತ್ತಿದ್ದಳು.
"ಒಂದು ಕಾಲು ಗಿಡ್ಡ ಕಣೇ" ಅಂದಳು.
ತಟ್ಟಿದಳು, ಅಲುಗಾಡಿಸಿದಳು,
ಉಗುರಲ್ಲಿ ವಾರ್ನಿಷ್ ಕೆರೆದು ನೋಡಿದಳು.
"ನಾನಾಗಿದ್ರೆ ಸಿಗೆ ಹಾಕ್ತಿದ್ದೆ."

ಇನ್ನರ್ಧ ಲೋಟ ಕೇಳಿದಳು. ಸಕ್ಕರೆ ಕಮ್ಮಿ.