ಚುಕ್ತಾ

ಪೈಪ್ಸಿ ಸರೋವರದ ನಡುವೆ ಒಂದು ಗೆರೆಯಿದೆ.
ನೀರಿಗೆ ಅದು ಗೊತ್ತಿಲ್ಲ, ಮೀನಿಗೂ.
ತೇಲುವ ಪೀಪಾಯಿಗಳಿಗೆ ಮಾತ್ರ ಗೊತ್ತು:
ಈಚೆ ಎಸ್ಟೋನಿಯಾ, ಆಚೆ ರಷ್ಯಾ.
ಸವ್ವಾತಿಯ ದೋಣಿ ಸಿಕ್ಕಿದ್ದು ಗೆರೆಯಿಂದ
ಇನ್ನೂರು ಮಾರು ಈಚೆಗೆ, ಅಕ್ಟೋಬರಿನ ಒಂದು ಬುಧವಾರ.
ಒಳಗೆ ಮಡಿಸಿಟ್ಟ ಬಲೆ, ನೀರು ಮುಟ್ಟದ್ದು.
ಒಂದು ಹುಟ್ಟು.
ಎಡಗಾಲಿನ ಬೂಟು.
ಸೀಟಿನಡಿ ಲೈಫ್ ಜಾಕೆಟ್, ಬೆಲೆಚೀಟಿ ಕೂಡ ಹರಿದಿಲ್ಲ.

ಎಂಜಿನ್ ಮೇಲಕ್ಕೆ ಮಡಚಿತ್ತು.
ಅದನ್ನು ಗಾಳಿ ಎತ್ತುವುದಿಲ್ಲ, ಅಲೆಯೂ ಎತ್ತುವುದಿಲ್ಲ.
ಕೊಕ್ಕೆ ಬಿಡಿಸಿ, ಎರಡೂ ಕೈ ಹಾಕಿ, ಸೊಂಟ ಕೊಟ್ಟು ಎತ್ತಬೇಕು.
ನನಗೆ ಗೊತ್ತು,
ಹಿಂದಿನ ದಿನ ರಿಪೇರಿ ಮಾಡಿದವನು ನಾನೇ.

ಠಾಣೆಯ ಹುಡುಗ ರೈವೊ ಮೂರು ಸಲ ಬಂದ.
ಪೆಟ್ರೋಲ್ ಪೈಪು ಬದಲಿಸಿದೆಯಾ? ಬದಲಿಸಿದೆ.
ಕುಡಿಯುತ್ತಿದ್ದನಾ? ಹಬ್ಬಕ್ಕೆ.
ಸಾಲ? ಜಗಳ? ಆಚೆ ದಡದಲ್ಲಿ ಯಾರಾದರೂ?
ಆಚೆ ದಡದಲ್ಲಿ ನಮಗೆಲ್ಲ ಯಾರಾದರೂ ಇದ್ದಾರಪ್ಪ, ಅಂದೆ,
ನನ್ನ ಚಿಕ್ಕಮ್ಮನ ಗೋರಿಯೇ ಇದೆ.
ಅದನ್ನೂ ಬರೆದುಕೊಂಡ.

ಮುಳುಗುಗಾರರು ಗೆರೆಯವರೆಗೂ ಹುಡುಕಿದರು.
ಗೆರೆ ದಾಟಲು ಕಾಗದ ಬೇಕಿತ್ತು. ಕಾಗದ ಹೋಯಿತು.
ಉತ್ತರ ಬರುವಷ್ಟರಲ್ಲಿ
ಸರೋವರದ ಮೇಲೆ ಜನ ನಡೆದಾಡುತ್ತಿದ್ದರು.

ಉಚ್ಚೆ ಹೊಯ್ಯಲು ನಿಂತಿರುತ್ತಾನೆ, ಆಯ ತಪ್ಪಿರುತ್ತೆ,
ಅಂದ ಮುದುಕ ಫೆದೋಟ್.
ಹಾಗೆ ಹೋದವರನ್ನು ಎಣಿಸಲು ಅವನಿಗೆ ಒಂದು ಕೈ ಸಾಲದು.
ಪ್ಸ್ಕೋವಿನ ಸಂತೆಯಲ್ಲಿ ಕಂಡೆ, ಗಡ್ಡ ಬೋಳಿಸಿದ್ದ,
ಅಂದಳು ಗ್ಲಿಕೇರಿಯ.
ಗಡ್ಡವಿಲ್ಲದ ಸವ್ವಾತಿಯನ್ನು ಅವನ ಹೆಂಡತಿಯೇ ನೋಡಿಲ್ಲ,
ನಿನಗೆ ಗುರುತು ಹೇಗೆ ಸಿಕ್ಕಿತು?
ಅವಳು ಈರುಳ್ಳಿ ಜಡೆ ಹೆಣೆಯುತ್ತ, ತಲೆಯೆತ್ತದೆ:
ನಡಿಗೆಯಿಂದ.

ನಮ್ಮ ಪ್ರಾರ್ಥನೆಯ ಮನೆಯಲ್ಲಿ ಎರಡು ಪಟ್ಟಿ ಓದುತ್ತಾರೆ,
ಇರುವವರದು, ಹೋದವರದು.
ಎವ್ಲಾಂಪಿಯ ಬಲಗೋಡೆಗೆ ನಿಲ್ಲುತ್ತಾಳೆ.
ಹಿರಿಯ ಇರುವವರನ್ನು ಓದಿ ಮುಗಿಸುತ್ತಾನೆ, ಸವ್ವಾತಿ ಇಲ್ಲ.
ಹೋದವರನ್ನು ಓದುತ್ತಾನೆ, ಇಲ್ಲ.
ನಡುವೆ ಪುಟ ತಿರುವುವ ಸದ್ದಾಗುತ್ತದಲ್ಲ,
ಆಗ ಅವಳು ಹಣೆ ಮುಟ್ಟಿ ಶಿಲುಬೆ ಹಾಕಿಕೊಳ್ಳುತ್ತಾಳೆ,
ನಮ್ಮ ಪದ್ಧತಿಯಂತೆ, ಎರಡು ಬೆರಳಲ್ಲಿ.

ಇನ್ನು, ರೈವೊಗೆ ಹೇಳದೆ ಉಳಿಸಿದ್ದು.

ಸವ್ವಾತಿ ಯಾರಿಗೂ ಪೂರ್ತಿ ಕೊಟ್ಟವನಲ್ಲ.
ಬಾಕಿ ಇದ್ದರೆ ಹೋಗಿಬರೋದು ಇರುತ್ತೆ ನಜಾರಿ, ಅನ್ನುತ್ತಿದ್ದ.
ಆ ಮಂಗಳವಾರ ಎಂಜಿನ್ ಒಯ್ಯಲು ಬಂದವನು
ಬೆಂಚಿನ ಗ್ರೀಸ್ ಒರೆಸಿ ನೋಟು ಇಟ್ಟ, ಮೇಲೆ ಚಿಲ್ಲರೆ.
ಪೈಪಿನದು. ಹೋದ ಚಳಿಗಾಲದ ಪ್ರೊಪೆಲರಿನದು.
ನಾನೇ ಮರೆತಿದ್ದ, ಅವರಪ್ಪ ಒಯ್ದ ಸ್ಪಾರ್ಕ್ ಪ್ಲಗ್ಗಿನದು ಕೂಡ.
ಕ್ರೂನಿನ ಕಾಲದ ಆ ಸಾಲವನ್ನು
ಯೂರೋಗೆ ತಾನೇ ಲೆಕ್ಕ ಹಾಕಿ ತಂದಿದ್ದ.
ಚುಕ್ತಾ? ಅಂದ.
ಚುಕ್ತಾ, ಅಂದೆ. ಲಾಟರಿ ಹೊಡೀತೇನೋ, ಅಂತ ನಕ್ಕೆ.
ಅವನು ನಗಲಿಲ್ಲ. ಅಥವಾ ನಕ್ಕ,
ಆ ಗಡ್ಡದಲ್ಲಿ ಯಾರಿಗೆ ಗೊತ್ತಾಗಬೇಕು.

ಹೇಳಿದ್ದರೆ ಕಡತದಲ್ಲಿ ಒಂದು ಪದ ಬರೆಯುತ್ತಿದ್ದರು.
ಆ ಪದದವರನ್ನು ನಮ್ಮಲ್ಲಿ
ಎರಡು ಪಟ್ಟಿಯಲ್ಲೂ ಓದುವುದಿಲ್ಲ.
ಅಥವಾ ಇನ್ನೊಂದು ಪದ, ಗ್ಲಿಕೇರಿಯಳದು,
ಅದನ್ನು ಎವ್ಲಾಂಪಿಯ ಊಟದ ಮೇಜಿನಲ್ಲಿ
ಎಲ್ಲಿಡುತ್ತಿದ್ದಳು?
ಹೀಗೆಲ್ಲ ಯೋಚಿಸಿಯೇ ಸುಮ್ಮನಾದೆನೋ,
ಬರೀ ಹೆದರಿದೆನೋ, ಈಗ ನೆನಪಿಲ್ಲ.

ಆರು ವರ್ಷ. ದುಡ್ಡು ನಟ್ಟು ಬೋಲ್ಟಿನ ಡಬ್ಬಿಯಲ್ಲೇ ಇತ್ತು.
ನಿನ್ನೆ ಹದಿಮೂರರ ವಾಷರ್ ಹುಡುಕುತ್ತ ಸುರಿದೆ,
ಕೂತು ಎಣಿಸಿದೆ, ಮತ್ತೊಮ್ಮೆ ಎಣಿಸಿದೆ.
ಎರಡು ಯೂರೋ ಹೆಚ್ಚಿಗೆ ಕೊಟ್ಟಿದ್ದಾನೆ.

ಲೆಕ್ಕದ ಪುಸ್ತಕದಲ್ಲಿ ಅವನ ಹಾಳೆ ತೆಗೆದು,
ಅಂದು ನಾನೇ ಎಳೆದ ಗೆರೆಯ ಆಚೆಗೆ
ಪೆನ್ಸಿಲ್ಲಲ್ಲಿ ಬರೆದೆ:
ಸವ್ವಾತಿಗೆ ಕೊಡಬೇಕಾದದ್ದು, ೨.