ಹಾಲಿನ ತಟ್ಟೆ

ದಕ್ಕೆಯಲ್ಲಿ ಬೇಬಿಯಕ್ಕ ಬುಟ್ಟಿ ತೊಳೆದ ನೀರು,
ಒಂದೇ ಹನಿ.
ಹಾಲು ಬೆರೆಸಿ ಹೆಪ್ಪಾಗಿಸಿದ ಗಾಜಿನ ತಟ್ಟೆಗೆ ಸವರಿ
ಕರೆಂಟು ಹೋಗದಿರಲಪ್ಪಾ ಎಂದು ಬಾಗಿಲೆಳೆದು ಬಂದೆ.

ಬೆಳಿಗ್ಗೆ
ಸಾಸಿವೆಯಷ್ಟು ಚುಕ್ಕೆ.
ಸುತ್ತ ಎಂಟಾಣೆಯಗಲ ಹಾಲೇ ಇಲ್ಲ,
ತಟ್ಟೆಯಡಿಯ ನನ್ನ ಬೆರಳು ಕಾಣುತ್ತದೆ.

ಬಾಯಿಲ್ಲದ್ದು ಉಣ್ಣುವುದು ಹೀಗೆ:
ಗೋಡೆಯ ಸಂದಿಯಿಂದ
ಎಳೆಯೆಳೆಯಾಗಿ ಪ್ರೋಟೀನು ಹೊರನೂಕಿ,
ಹೊಟ್ಟೆಯನ್ನೇ ಬೀದಿಗೆ ಕಳಿಸಿ,
ಕರಗಿ ಹಿಂದಿರುಗಿದಷ್ಟು ತನ್ನದು.

ಬೇಬಿಯಕ್ಕ ಇನ್ನೂ ಬೋಳಾರದ ತಿರುವಿನಲ್ಲಿರುವಾಗಲೇ
'ಬೂತಾಯಿ!' ಎಂಬ ಕೂಗು
ನಮ್ಮ ಕಂಪೌಂಡು ಹಾರಿ
ಬೆಕ್ಕುಗಳನ್ನು ಎಬ್ಬಿಸಿರುತ್ತದೆ.

ಬಯಲಾದ ವೃತ್ತದೊಳಗೆ ಇನ್ನೊಂದು ಚುಕ್ಕೆ, ಮಸುಕು.
ರಸ ಕಾರಲು ಬಾರದ್ದು.
ಆದರೂ ಉಂಡು ದುಂಡಗಾಗಿದೆ.

ವಹಿಯಲ್ಲಿ ಏನೆಂದು ಬರೆಯಲಿ?
ಕಳ್ಳ? ನೆಂಟ?

ಪೆನ್ಸಿಲಿನಲ್ಲಿ ಬರೆದೆ: ಬೆಕ್ಕು.